ನೀರೂ ಬೇಡ, ಗೊಬ್ಬರವೂ ಬೇಡ

ಮಲೆನಾಡು, ಕರಾವಳಿಗಳಲ್ಲಿ ಮನೆ ಕಟ್ಟುವುದೆಂದರೆ ಈಗ ಪಾಯಕ್ಕಿಂತ ಮೊದಲು ಬರುವುದು ಜೆಸಿಬಿ. ಗುಡ್ಡ ಕಡಿದು ಜಾಗ ಮಟ್ಟ ಮಾಡಿದ ಮೇಲೆ ಹಿತ್ತಲಲ್ಲಿ ಎರಡಾಳೆತ್ತರದ ಕೆಂಪು ದರೆ ಉಳಿಯುತ್ತದೆ. ಅದರ ನೆನಪಾಗುವುದು ಗೃಹಪ್ರವೇಶವೆಲ್ಲ ಮುಗಿದು ಮೇ ತಿಂಗಳ ಮೋಡ ಕಾಣಿಸಿಕೊಂಡಾಗ. ಏನಾದರೂ ನೆಡಬೇಕು, ಆದರೆ ನೋಡಿಕೊಳ್ಳಲು ಜನ ಇಲ್ಲ. ನರ್ಸರಿಯವರ ಹತ್ತಿರ ಉತ್ತರ ತಯಾರಿರುತ್ತದೆ: "ಇದು ತಗೊಂಡು ಹೋಗಿ ಸಾರ್, ನೀರೂ ಬೇಡ, ಗೊಬ್ಬರವೂ ಬೇಡ, ಒಂದೇ ಮಳೆಗೆ ಹಬ್ಬಿಬಿಡ್ತದೆ." ಕೊನೆಯ ಮಾತು ಶಿಫಾರಸೋ ಎಚ್ಚರಿಕೆಯೋ ಎಂದು ಯೋಚಿಸುವವರು ಕಡಿಮೆ.

ಹಾಗೆ ಹಬ್ಬುವುದು ಸಾಮಾನ್ಯವಾಗಿ ವೆಡೇಲಿಯಾ. ಹಳದಿ ಹೂವಿನ, ದಪ್ಪ ಹಸಿರೆಲೆಯ ಈ ಬಳ್ಳಿಯನ್ನು ಹೋಂಸ್ಟೇಗಳ ಏರುದಾರಿಯಲ್ಲಿ ನೋಡದವರಿಲ್ಲ. ಮೂಲತಃ ಅಮೆರಿಕ ಖಂಡದ ಉಷ್ಣವಲಯದ್ದು. ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರೂ ಇದೆ. ಆದರೆ ದರೆಯ ಮಟ್ಟಿಗೆ ನನ್ನ ತಕರಾರು ಬೇರೆ. ಅಂಚು ಹಿಡಿದು ಎಳೆದು ನೋಡಿ, ಚಾಪೆ ಸುತ್ತಿದಂತೆ ಸುತ್ತಿಕೊಂಡು ಬರುತ್ತದೆ. ಗೆಣ್ಣುಗೆಣ್ಣಿಗೂ ಬೇರಿದೆ ನಿಜ, ಆದರೆ ಹೆಚ್ಚಿನವು ಗೇಣುದ್ದವೂ ಇಳಿದಿರುವುದಿಲ್ಲ. ಮಳೆಹನಿ ನೇರವಾಗಿ ಮಣ್ಣಿಗೆ ಬಡಿಯುವುದನ್ನು ಅದು ತಡೆಯುತ್ತದೆ, ಅಷ್ಟರಮಟ್ಟಿಗೆ ಉಪಕಾರ. ಜೊತೆಗೆ ಬಿರುಕುಗಳನ್ನೂ ಮುಚ್ಚಿಡುತ್ತದೆ. ದರೆಯ ನೆತ್ತಿಯಲ್ಲಿ ಬೆರಳು ತೂರುವಷ್ಟು ಸೀಳು ಬಿಟ್ಟಿದ್ದರೂ ಹೂವಿನಡಿ ಕಾಣಿಸುವುದಿಲ್ಲ. ಆರೈಕೆ ಬೇಡವೆಂಬ ಗಿಡ ದಿನವೂ ನೋಡಬೇಕಾದ ಜಾಗವನ್ನೇ ಮರೆಮಾಡುವುದು ಒಳ್ಳೆಯ ಆಯ್ಕೆ ಹೇಗಾದೀತು?

ಇಳಿಜಾರಿಗೆ ಲಾನ್ ಹಾಸುವವರ ಬಗ್ಗೆ ಹೇಳುವುದೇನೂ ಇಲ್ಲ, ಓರೆಯಲ್ಲಿ ಹುಲ್ಲು ಕತ್ತರಿಸುವ ಯಂತ್ರ ಹಿಡಿದು ಒಮ್ಮೆ ನಿಂತರೆ ಅವರಿಗೇ ಅರ್ಥವಾಗುತ್ತದೆ. ಬೇಗ ಬೆಳೆಯುತ್ತದೆಂದು ದರೆಯ ಅಂಚಿಗೆ ಅಕೇಶಿಯಾ ಹಾಕುವುದು ಅದಕ್ಕಿಂತ ಅಪಾಯ. ಮೇಲ್ಮಣ್ಣಿನಲ್ಲೇ ಬೇರು ಹರಡುವ ಆ ಮರ ಆಷಾಢದ ಗಾಳಿಗೆ ಬುಡಸಮೇತ ಮಗುಚುವಾಗ ಅರ್ಧ ದರೆಯನ್ನೂ ಕಿತ್ತುಕೊಂಡು ಬರುತ್ತದೆ.

ಈ ಎಲ್ಲದರ ನಡುವೆ ಹೊಗಳಿಕೆಗೆ ನಿಜವಾಗಿ ಅರ್ಹವಾದದ್ದು ಲಾವಂಚ. ಅದರ ಬೇರು ಅಡ್ಡ ಹರಡುವುದಿಲ್ಲ, ನೆಟ್ಟಗೆ ಇಳಿಯುತ್ತದೆ. ಒಳ್ಳೆಯ ಮಣ್ಣಿದ್ದರೆ ಎರಡು-ಮೂರು ಮೀಟರು. ನಮ್ಮ ಕಡೆ ಬೆಳೆಸುವ ತಳಿ ಬೀಜದಿಂದ ಹರಡುವುದಿಲ್ಲ, ಹಾಗಾಗಿ ಪಕ್ಕದವರ ತೋಟಕ್ಕೆ ನುಗ್ಗುವ ಭಯವಿಲ್ಲ. ಗುಂಡ್ಲುಪೇಟೆ ಕಡೆಯ ರೈತರು ತಲೆಮಾರುಗಳಿಂದ ಹೊಲದ ಬದುವಿನಲ್ಲಿ ಇದನ್ನು ಸಾಲುಹಿಡಿದು ಬೆಳೆಸಿದ್ದರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಜಾನ್ ಗ್ರೀನ್‌ಫೀಲ್ಡ್, ರಿಚರ್ಡ್ ಗ್ರಿಮ್‌ಶಾ ಅವರು ಭಾರತದಲ್ಲಿ ಮಣ್ಣು ಉಳಿಸಲು ಲಾವಂಚದ ಸಾಲುಗಳನ್ನು ಪ್ರಚಾರ ಮಾಡಿದರು. 1987ರಲ್ಲಿ ಅದರ ಕೈಪಿಡಿಯೂ ಬಂತು. ನಮ್ಮ ಬದುವಿನ ಹುಲ್ಲು ಥಾಯ್ಲೆಂಡ್, ಮಲೇಷ್ಯಾಗಳ ಹೆದ್ದಾರಿ ಪಕ್ಕದಲ್ಲಿ ಮರ್ಯಾದೆ ಪಡೆದು, ಈಗ ನಮ್ಮ ನರ್ಸರಿಗೆ ಹೊಸ ಸರಕಾಗಿ ವಾಪಸು ಬಂದಿದೆ.

ಬಂದದ್ದು ಅರ್ಧ ಮಾತ್ರ ಎನ್ನುವುದು ತೊಂದರೆ. ಬುಡದಿಂದ ಎರಡು-ಮೂರು ಹಿಳ್ಳು ಬಿಡಿಸಿ, ಎಲೆಯನ್ನು ಗೇಣುದ್ದಕ್ಕೆ ಕತ್ತರಿಸಿ, ಓರೆಗೆ ಅಡ್ಡಲಾಗಿ ಸಮಮಟ್ಟದ ಸಾಲಿನಲ್ಲಿ 10ರಿಂದ 15 ಸೆಂ.ಮೀ. ಅಂತರಕ್ಕೆ ಒಂದರಂತೆ ನೆಡಬೇಕು. ಹಿಳ್ಳುಗಳು ಕೂಡಿಕೊಂಡು ಸಂದಿಲ್ಲದ ಬೇಲಿಯಾದಾಗಲೇ ಅದು ನೀರನ್ನು ನಿಧಾನಿಸಿ ಮಣ್ಣನ್ನು ಹಿಂದೆ ನಿಲ್ಲಿಸುವುದು. ನಾನು ನೋಡುವ ಹೆಚ್ಚಿನ ದರೆಗಳಲ್ಲಿ ಅದು ಎರಡೆರಡು ಅಡಿಗೊಂದು ಬುಡದಂತೆ ಅಲಂಕಾರಕ್ಕೆ ಕೂತಿದೆ. ನೀರು ಎರಡು ಬುಡಗಳ ನಡುವೆ ದಾರಿ ಮಾಡಿಕೊಂಡು ಅಲ್ಲೇ ಕೊರೆಯುತ್ತದೆ. ಹಲಸಿನ ನೆರಳಿನಲ್ಲಿ ಲಾವಂಚ ಸೊರಗುತ್ತದೆ. ಮೊದಲೆರಡು ವರ್ಷ ಕಳೆ ತೆಗೆಯಬೇಕು, ಸತ್ತ ಹಿಳ್ಳಿನ ಜಾಗ ತುಂಬಬೇಕು, ತಲೆ ಸವರಬೇಕು. ಇಷ್ಟು ಮಾಡಿಸಿಕೊಳ್ಳುವುದಕ್ಕೆ 'ಆರೈಕೆ ಬೇಡದ್ದು' ಎಂಬ ಚೀಟಿ ಅಂಟಿಸುವುದು ವ್ಯಾಪಾರ. (ಬೇಸಿಗೆಯಲ್ಲಿ ಮಡಕೆ ನೀರಿಗೆ ಹಾಕಲೆಂದು ದರೆಯ ಲಾವಂಚವನ್ನೇ ಅಗೆದು ಬೇರು ತೆಗೆಯುವ ಮಹಾನುಭಾವರೂ ಇದ್ದಾರೆ.)

ಇನ್ನೊಂದು ಮಾತು, ಗುಂಡ್ಲುಪೇಟೆಯ ಬದು ಬೇರೆ, ಆಗುಂಬೆಯ ಆಸುಪಾಸಿನ ದರೆ ಬೇರೆ. ಇಲ್ಲಿ ಜಂಬಿಟ್ಟಿಗೆಯ ಕೆಳಗೆ ಬಹಳ ಕಡೆ ಶೇಡಿ ಮಣ್ಣಿರುತ್ತದೆ. ಬಿಳಿ, ಗುಲಾಬಿ, ಹಳದಿ ಬಣ್ಣದ ಆ ಮಣ್ಣು ಒಣಗಿದಾಗ ಗೋಡೆಯ ಹಾಗೆ ನಿಲ್ಲುತ್ತದೆ, ನೆನೆದಾಗ ಬಲವೆಲ್ಲ ಕಳೆದುಕೊಳ್ಳುತ್ತದೆ. ಜೆಸಿಬಿ ನೆಟ್ಟಗೆ ಕಡಿದಿಟ್ಟಾಗ ಬುಡದ ಶೇಡಿ ಬಯಲಿಗೆ ಬಿದ್ದಿರುತ್ತದೆ. ಗಿಡವೆಲ್ಲ ಮೇಲಿನ ಕೆಂಪು ಪದರದಲ್ಲಿ. ಬುಡ ಕರಗಿದರೆ ನೆತ್ತಿ ಗಿಡದ ಸಮೇತ ಕೂರುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಕಾಫಿ ತೋಟಗಳು ನೆರಳುಮರಗಳ ಜೊತೆಗೇ ಜಾರಿಹೋದವು. ಬೇರಿಗೆ ನಿಲುಕದ ಆಳದಲ್ಲಿ ಮಣ್ಣು ಜಾರಿದರೆ ಯಾವ ಹುಲ್ಲೂ, ಯಾವ ಮರವೂ ಹಿಡಿದು ನಿಲ್ಲಿಸುವುದಿಲ್ಲ. ಹಾಗಾಗಿ ನೆಟ್ಟಗಿನ ದರೆಗೆ ಗಿಡ ಕೇಳುವುದೇ ತಪ್ಪು ಪ್ರಶ್ನೆ. ಮೊದಲು ಅದನ್ನು ಮೆಟ್ಟಿಲಾಗಿ ಇಳಿಸಬೇಕು, ಇಲ್ಲವೇ ಬುಡಕ್ಕೆ ನೀರು ಬಸಿಯುವ ಕಿಂಡಿಗಳಿರುವ ಕಲ್ಲುಕಟ್ಟಣೆ ಬೇಕು. ನೆತ್ತಿಯ ಹಿಂದೆ ಮಳೆನೀರನ್ನು ಪಕ್ಕಕ್ಕೆ ತಿರುಗಿಸುವ ಕಾಲುವೆಯಂತೂ ಬೇಕೇ ಬೇಕು. ಅಡಿಕೆ ತೋಟದಲ್ಲಿ ಕಾದಿಗೆ ತೆಗೆಯುವುದು ಗೊತ್ತಿರುವವರೂ ಮನೆಯ ಹಿಂದೆ ಅದನ್ನು ಮರೆಯುವುದೇಕೋ! ವರ್ಷವರ್ಷವೂ ಅದರ ಹೂಳು ತೆಗೆಯುವುದೇ ದರೆಯ ಅಸಲು ಆರೈಕೆ.

ಇಷ್ಟಾದ ಮೇಲೆ ಉಳಿಯುವ ಓರೆಗೆ ನನ್ನ ಆಯ್ಕೆ ದುಡ್ಡು ಕೊಟ್ಟು ತರುವಂಥದ್ದಲ್ಲ. ಕಡಿಯದೆ ಬಿಟ್ಟ ಪಕ್ಕದ ಗುಡ್ಡದಲ್ಲಿ ಕೇಪಳ, ಕುಂಟುನೇರಳೆ, ನೇರಳೆ ಹೂವಿನ ನೆಕ್ಕರಿಕೆ ಇವೆ. ತೇವದ ಕಡೆ ಜರೀಗಿಡ ತಾನಾಗಿ ಬಂದು ಕೂರುತ್ತದೆ. ಜೂನ್‌ನಿಂದ ಜಡಿಮಳೆ, ಫೆಬ್ರವರಿಯ ಹೊತ್ತಿಗೆ ಕಾದ ಕಲ್ಲು. ಇವೆರಡನ್ನೂ ತಾಳಿ ಬದುಕಿದ ಗಿಡಗಳಿವು. ಎತ್ತರಕ್ಕೆ ಬೆಳೆದು ಭಾರವಾಗುವ ಪೈಕಿಯವಲ್ಲ. ಲಾವಂಚದ ಸಾಲುಗಳ ನಡುವೆ ಇವು ಎದ್ದರೆ ಬಿಟ್ಟುಬಿಡಬಹುದು. ಮುಂದೆ ನೆರಳು ಹೆಚ್ಚಾಗಿ ಲಾವಂಚ ಹಿಂದೆ ಸರಿದರೂ ಅಷ್ಟರಲ್ಲಿ ಇವುಗಳ ಬೇರು ಊರಿರುತ್ತದೆ. ಇವುಗಳ ಕೊರತೆಯೆಂದರೆ ನಿಧಾನ, ಮತ್ತು ಮೊದಲ ವರ್ಷಗಳಲ್ಲಿ ಕುರುಚಲಾಗಿ ಕಾಣುವುದು. ಮನೆಗೆ ಬಂದವರು "ಹಿಂದುಗಡೆ ಕಾಡು ಬೆಳೆದಿದೆಯಲ್ಲ" ಅನ್ನುತ್ತಾರೆ. ಆ ಒಂದು ಮಾತಿಗೆ ಮರ್ಯಾದೆ ಕೊಟ್ಟು ದೀಪಾವಳಿಗೆ ಮುಂಚೆ ಕಳೆನಾಶಕ ಹೊಡೆಸಿ ದರೆಯನ್ನು ಬೋಳಿಸುವುದು, ಮುಂದಿನ ಮೇ ತಿಂಗಳಲ್ಲಿ ಅದೇ ನರ್ಸರಿಗೆ ಹೋಗಿ ವೆಡೇಲಿಯಾ ತರುವುದು ಊರೂರಲ್ಲೂ ನಡೆದಿದೆ.