ನಂಬಿಕೆ ಕೇಳುವ ಮೊದಲು

ಹಿಂದುಳಿದ ಸಮುದಾಯಗಳು ಸಂಶೋಧಕರನ್ನು ನಂಬುವಂತೆ ಮಾಡುವುದು ಹೇಗೆ ಎಂಬ ಪ್ರಶ್ನೆ ಆರೋಗ್ಯ ಸಂಶೋಧನೆಯ ಸಭೆಗಳಲ್ಲಿ ಸವೆದುಹೋಗಿದೆ. ದಕ್ಷಿಣ ಆಫ್ರಿಕದ ಮೂಲನಿವಾಸಿಗಳಾದ ಸಾನ್ ಜನ 2017ರಲ್ಲಿ ಹೊರತಂದ ಸಂಶೋಧನಾ ನೀತಿಸಂಹಿತೆ ಈ ಪ್ರಶ್ನೆಯನ್ನು ಕೇಳಿದವರಿಗೇ ಹಿಂದಿರುಗಿಸುತ್ತದೆ. ಕೆಲವೇ ಪುಟಗಳ ಬರಹ. ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ ಎಂಬ ನಾಲ್ಕು ಮೌಲ್ಯ, ಕೊನೆಗೊಂದು ಕಾರ್ಯವಿಧಾನ. ಇಷ್ಟೇ ಆಗಿದ್ದರೆ ಯಾವ ವಿಶ್ವವಿದ್ಯಾಲಯದ ಗೋಡೆಗಾದರೂ ನೇತುಹಾಕಬಹುದಾದ ಮಾತಾಗುತ್ತಿತ್ತು. ಆದರೆ ಇಲ್ಲಿ ಮೌಲ್ಯದ ಜೊತೆಗೇ ಅದು ಮುರಿದ ಸಂದರ್ಭಗಳೂ ಇವೆ: ಮನೆಯೊಳಗಿದ್ದವರ, ಮಗುವಿಗೆ ಹಾಲೂಡಿಸುತ್ತಿದ್ದ ತಾಯಂದಿರ ಫೋಟೊ ತೆಗೆದದ್ದು, ಮುಖಂಡರನ್ನು ಬದಿಗಿಟ್ಟು ವಂಶವಾಹಿ ಅಧ್ಯಯನ ನಡೆಸಿದ್ದು, ಫಲಿತಾಂಶ ತಂದು ಹೇಳುತ್ತೇವೆಂದು ಹೋದವರು ಮತ್ತೆ ಮುಖ ತೋರಿಸದ್ದು. ಆ ಕೊನೆಯದನ್ನು ಪದೇ ಪದೇ ಎದುರಾಗುವ ಅಗೌರವವೆಂದೇ ಸಂಹಿತೆ ಹೆಸರಿಸುತ್ತದೆ. ನನ್ನ ಮಟ್ಟಿಗೆ ಇಡೀ ಬರಹದ ಅತ್ಯಂತ ಬೆಲೆಯುಳ್ಳ ಮಾತು ಅದೇ. ಅಪನಂಬಿಕೆ ಅಜ್ಞಾನದಿಂದ ಹುಟ್ಟುತ್ತದೆ ಎನ್ನುವವರ ಮುಂದೆ ಅದು ಬಾಕಿ ಪಟ್ಟಿಯನ್ನು ಇಡುತ್ತದೆ.

ಆ ಬಾಕಿ ಹಳೆಯದು. ಸಾನ್ ಜನ ಬೇಟೆಗೆ ಹೋದಾಗ ಹಸಿವು ತಡೆಯಲು ಜಗಿಯುತ್ತಿದ್ದ ಹೂಡಿಯ ಗಿಡದಲ್ಲಿನ ಅಂಶಕ್ಕೆ ದಕ್ಷಿಣ ಆಫ್ರಿಕದ ಸರಕಾರಿ ಸಂಶೋಧನಾ ಮಂಡಳಿ 1990ರ ದಶಕದಲ್ಲಿ ಪೇಟೆಂಟ್ ಪಡೆಯಿತು, ಬೊಜ್ಜು ಕರಗಿಸುವ ಔಷಧಕ್ಕೆಂದು ವಿದೇಶಿ ಕಂಪನಿಗೆ ಹಕ್ಕನ್ನೂ ಕೊಟ್ಟಿತು. ಗಿಡದ ಗುಣ ತಿಳಿಸಿಕೊಟ್ಟವರನ್ನು ಯಾರೂ ಕೇಳಲಿಲ್ಲ. ಗದ್ದಲವೆದ್ದ ಮೇಲೆ, 2003ರಲ್ಲಿ, ಮಂಡಳಿಗೆ ಬರುವ ರಾಯಧನದಲ್ಲಿ ಶೇ 6ರಷ್ಟು ಪಾಲಿನ ಒಪ್ಪಂದವಾಯಿತು. ಔಷಧ ಮಾತ್ರ ಮಾರುಕಟ್ಟೆಗೆ ಬರಲೇ ಇಲ್ಲ. 2010ರಲ್ಲಿ ನಮೀಬಿಯದ ನಾಲ್ವರು ಸಾನ್ ಹಿರಿಯರ ವಂಶವಾಹಿಯ ಅಧ್ಯಯನ 'ನೇಚರ್' ಪತ್ರಿಕೆಯಲ್ಲಿ ಬಂತು. ಆ ನಾಲ್ವರ ಒಪ್ಪಿಗೆ ಇತ್ತು, ನೈತಿಕ ಸಮಿತಿಗಳ ಅನುಮತಿಯೂ ಇತ್ತು. ಆದರೂ ಸಾನ್ ಮುಖಂಡರು ಸಿಟ್ಟಾದರು: ವಂಶವಾಹಿ ಹೇಳುವುದು ಇಡೀ ಕುಲದ ಕಥೆ, ಅದಕ್ಕೆ ನಾಲ್ವರ ಹೂಂ ಸಾಕೇ?

ಇಲ್ಲಿ ಗಟ್ಟಿಯಾದ ಆಕ್ಷೇಪವೊಂದಿದೆ. ತನ್ನ ರಕ್ತ ಕೊಡಲು ಒಬ್ಬ ಒಪ್ಪಿರುವಾಗ ಅಡ್ಡಬರಲು ಮುಖಂಡರು ಯಾರು? ಸಮುದಾಯದ ಹೆಸರಿನಲ್ಲಿ ಮಾತಾಡುವವರು ಹೆಂಗಸರ, ಕಿರಿಯರ ದನಿಯನ್ನು ನುಂಗುವುದು ನಮಗೇನೂ ಹೊಸದಲ್ಲ. ಆದರೆ ಸಮುದಾಯದ ಒಪ್ಪಿಗೆ ವ್ಯಕ್ತಿಯ ಒಪ್ಪಿಗೆಗೆ ಬದಲಿಯಾಗಿ ಬರಬೇಕಿಲ್ಲ, ಅದರ ಜೊತೆಗೆ ಬರಬಹುದು. ಮುಖಂಡರು ಹೂಂ ಎಂದರೂ ಬೇಡವೆನ್ನುವ ಹಕ್ಕು ಅವನಿಗೆ ಉಳಿದಿದ್ದರೆ ಸಾಕು. ಇದರಿಂದ ಕೆಲಸ ನಿಧಾನವಾಗುತ್ತದೆ ಎಂಬುದು ಇನ್ನೊಂದು ದೂರು. ಆಗಲಿ. ಅವಸರದ ಮಾದರಿ ಸಂಗ್ರಹದಿಂದ ಬಾಗಿಲು ಮುಚ್ಚಿಕೊಂಡ ಹಳ್ಳಿಯಲ್ಲಿ ಮುಂದಿನ ಕ್ಷಯ ತಪಾಸಣೆಗೂ ಯಾರೂ ಬರದಿದ್ದರೆ ಆ ನಷ್ಟ ಯಾರ ಲೆಕ್ಕಕ್ಕೆ?

ನನ್ನ ತಕರಾರು ಬೇರೆ ಕಡೆ ಇದೆ. ಸಂಹಿತೆ ಮೀರಿದ ಸಂಸ್ಥೆಯ ಜೊತೆ ಮುಂದೆ ಕೆಲಸ ಮಾಡುವುದಿಲ್ಲ ಎಂಬುದೇ ಇದರ ಕೈಲಿರುವ ದಂಡನೆ. ಅದಕ್ಕೆ ಹಲ್ಲು ಬರಬೇಕಾದರೆ ಸಂಶೋಧನೆಗೆ ಹಣ ಕೊಡುವವರೂ ಪತ್ರಿಕೆಗಳ ಸಂಪಾದಕರೂ ಕೈಜೋಡಿಸಬೇಕು. ಅದರ ವ್ಯಾಪ್ತಿಯೂ ಚಿಕ್ಕದು: ಸಂಹಿತೆಯನ್ನು ಹೊರಡಿಸಿದವರು ದಕ್ಷಿಣ ಆಫ್ರಿಕದ ಮೂರು ಸಾನ್ ಸಮುದಾಯಗಳು. ಸಾನ್ ಜನರಲ್ಲಿ ಹೆಚ್ಚಿನವರು ಇರುವುದು ಬೋಟ್ಸ್ವಾನ, ನಮೀಬಿಯಗಳಲ್ಲಿ. ಇಷ್ಟು ಸಿಟ್ಟೆಬ್ಬಿಸಿದ 2010ರ ಆ ರಕ್ತದ ಮಾದರಿಗಳೂ ಗಡಿಯ ಆಚೆಯವೇ.