ಹಾಳೆಯ ತೂತು ಮತ್ತು ಓದುಗನ ಆಸೆ: ಗ್ನಾಸ್ಟಿಕ್ ಗ್ರಂಥಗಳ ಜನಪ್ರಿಯ ಕಥನವನ್ನು ಕುರಿತು

ಗ್ರೀಕಿನ ‘ಗ್ನೋಸಿಸ್’ ಪದವೂ ಸಂಸ್ಕೃತದ ‘ಜ್ಞಾನ’ವೂ ಒಂದೇ ಮೂಲಧಾತುವಿನಿಂದ ಬೆಳೆದವು. ಈ ಬಂಧುತ್ವ ಕನ್ನಡದಲ್ಲಿ ಬರೆಯುವವರಿಗೆ ನೆರವಾದಷ್ಟೇ ತೊಡಕನ್ನೂ ತರುತ್ತದೆ. ಇಂಗ್ಲಿಷ್ ಉಚ್ಚಾರವನ್ನು ಅನುಸರಿಸಿ ‘ನಾಸ್ಟಿಕ್’ ಎಂದು ಬರೆದರೆ ಓದುಗನ ಕಿವಿಗೆ ‘ನಾಸ್ತಿಕ’ ಎಂದೇ ಕೇಳಿಸುತ್ತದೆ. ‘ಜ್ಞಾನಮಾರ್ಗಿ’ ಎಂದು ಅನುವಾದಿಸಿದರೆ ಶಾಂಕರ ಅದ್ವೈತ ಕರೆಯದೆಯೇ ಒಳಬರುತ್ತದೆ. ಅದ್ವೈತದಲ್ಲಿ ಜಗತ್ತಿನ ತೋರಿಕೆಗೆ ಅವಿದ್ಯೆ ಕಾರಣ. ‘ಯೋಹಾನನ ರಹಸ್ಯಗ್ರಂಥ’ದಲ್ಲಿ ಈ ಜಗತ್ತು ಸೋಫಿಯಾ ಎಂಬ ದೈವೀ ತತ್ತ್ವದ ತಪ್ಪಿನಿಂದ ಹುಟ್ಟಿದ ಯಲ್ದಬಾವೋತ್ ಎಂಬ ಕೀಳು ಸೃಷ್ಟಿಕರ್ತನ ಕೃತಿ. ತನ್ನ ಹೊರತು ಬೇರೆ ದೇವರಿಲ್ಲವೆಂದು ಅವನು ಸಾರುವುದು ಅವನ ಅಜ್ಞಾನದ ಲಕ್ಷಣವಾಗುತ್ತದೆ. ಅಂದರೆ ಇದು ಆದಿಕಾಂಡವನ್ನೂ ಯೆಶಾಯನನ್ನೂ ತಿರುಗುಮುರುಗಾಗಿ ಓದಿದವರ ವಾದ. ಆ ಗ್ರಂಥಗಳನ್ನು ಬಿಟ್ಟರೆ ಅದಕ್ಕೆ ಅರ್ಥವಿಲ್ಲ. ಇಂಥ ಒಳಜಗಳವನ್ನು ಇಂದಿನ ಜನಪ್ರಿಯ ಕಥನ ಹೇಗೆ ಹೊರಗಿನ ಕ್ರಾಂತಿಯಾಗಿ ಮಾರ್ಪಡಿಸಿತು ಎಂಬುದು ವಿಮರ್ಶೆಗೆ ತಕ್ಕ ವಿಷಯ.

ಆ ಕಥನದ ಅತ್ಯಂತ ಪ್ರಸಿದ್ಧ ರೂಪ 2003ರಲ್ಲಿ ಪ್ರಕಟವಾದ ಡ್ಯಾನ್ ಬ್ರೌನ್‌ನ ‘ದ ಡಾ ವಿಂಚಿ ಕೋಡ್’ ಕಾದಂಬರಿಯಲ್ಲಿದೆ. ಅದರ ಪಾತ್ರಗಳು ಹೇಳುವ ಪ್ರಕಾರ, ಆದಿ ಕ್ರೈಸ್ತರಿಗೆ ಯೇಸು ಮನುಷ್ಯನಾಗಿದ್ದ. ಸಾಮ್ರಾಟ ಕಾನ್‌ಸ್ಟಂಟೈನ್ ನೈಸಿಯಾ ಪರಿಷತ್ತಿನಲ್ಲಿ ಅವನನ್ನು ದೇವರನ್ನಾಗಿ ಮಾಡಿಸಿದ. ಮಾನವ ಯೇಸುವನ್ನೂ ಅವನ ಪತ್ನಿ ಮಗ್ದಲದ ಮರಿಯಳನ್ನೂ ಕುರಿತ ಸುವಾರ್ತೆಗಳು ನಾಶವಾದವು. ಅಳಿದುಳಿದವು ಈಜಿಪ್ಟಿನ ಮರಳಿನಲ್ಲಿ ಸಿಕ್ಕವು. ಕಾದಂಬರಿಯನ್ನು ಇತಿಹಾಸದ ತಕ್ಕಡಿಯಲ್ಲಿ ತೂಗಬಾರದೆಂಬ ಆಕ್ಷೇಪ ಇಲ್ಲಿ ನಿಲ್ಲುವುದಿಲ್ಲ. ಕೃತಿಯ ಆರಂಭದಲ್ಲೇ ‘ವಾಸ್ತವಾಂಶ’ ಎಂಬ ತಲೆಬರಹದ ಪುಟವೊಂದಿದ್ದು, ಒಳಗೆ ಬರುವ ದಾಖಲೆಗಳ ವಿವರಗಳು ನಿಖರವೆಂದು ಅದು ಭರವಸೆ ಕೊಡುತ್ತದೆ. ಭರವಸೆಯನ್ನು ಕೃತಿಯೇ ಕೊಟ್ಟಮೇಲೆ ಅದನ್ನು ಪರೀಕ್ಷಿಸುವ ಹಕ್ಕು ಓದುಗನದು.

ಮೊದಲು ನೈಸಿಯಾ. 325ರಲ್ಲಿ ಸೇರಿದ ಆ ಪರಿಷತ್ತಿನ ಮುಂದಿದ್ದವು ಅಲೆಕ್ಸಾಂಡ್ರಿಯಾದ ಏರಿಯಸ್‌ನ ಬೋಧನೆ, ಪಾಸ್ಕ ಹಬ್ಬದ ದಿನನಿರ್ಣಯ, ಈಜಿಪ್ಟಿನ ಮೆಲಿಟಿಯನ್ ಒಡಕು ಮೊದಲಾದ ವಿಷಯಗಳು. ಅದು ಹೊರಡಿಸಿದ 20 ನಿಯಮಗಳಲ್ಲಿ ಒಂದೂ ಪವಿತ್ರ ಗ್ರಂಥಗಳ ಪಟ್ಟಿಯನ್ನು ಕುರಿತದ್ದಲ್ಲ. ಏರಿಯಸ್ ಕೂಡ ಯೇಸುವನ್ನು ಬರಿಯ ಮನುಷ್ಯನೆನ್ನಲಿಲ್ಲ. ಪುತ್ರನು ಕಾಲಕ್ಕೆ ಮೊದಲೇ ಸೃಷ್ಟಿಯಾದವನು, ತಂದೆಗೆ ಸಮಾನನಲ್ಲ ಎಂಬುದಷ್ಟೇ ಅವನ ವಾದ. ಕಾದಂಬರಿಯ ಪಾತ್ರವೊಂದು ಮತಗಳ ಅಂತರ ಕಡಿಮೆಯಿತ್ತೆಂದು ಹೇಳುತ್ತದೆ. ನೈಸಿಯಾದ ವಿಶ್ವಾಸಸೂತ್ರಕ್ಕೆ ಕೊನೆಯವರೆಗೂ ಸಹಿ ಹಾಕದೆ ಉಳಿದ ಬಿಷಪ್‌ಗಳು ಇಬ್ಬರೇ. ಇನ್ನು ನಾಲ್ಕು ಸುವಾರ್ತೆಗಳ ಸಂಗತಿ: ಸುವಾರ್ತೆಗಳು ನಾಲ್ಕೇ ಇರಬೇಕೆಂದು ಲಿಯೋನ್‌ನ ಬಿಷಪ್ ಐರೆನೇಯಸ್ ಸುಮಾರು 180ರಲ್ಲೇ, ಅಂದರೆ ಕಾನ್‌ಸ್ಟಂಟೈನ್ ಹುಟ್ಟುವುದಕ್ಕೂ ಹಲವು ದಶಕಗಳ ಮೊದಲು, ವಾದಿಸಿದ್ದ. ಹೊಸ ಒಡಂಬಡಿಕೆಯ ಇಂದಿನ 27 ಪುಸ್ತಕಗಳ ಪಟ್ಟಿ ಅಥನೇಸಿಯಸ್‌ನ 367ರ ಪತ್ರದಲ್ಲಿ ಕಾಣುತ್ತದೆ. ನೈಸಿಯಾದಲ್ಲಿ ಪುಸ್ತಕಗಳ ಆಯ್ಕೆ ನಡೆಯಿತೆಂಬ ಕಥೆಯ ಮೂಲ ಬೈಜಾಂಟಿಯಮ್ಮಿನ ‘ಸಿನೋಡಿಕಾನ್ ವೆಟಸ್’ ಎಂಬ, ಸುಮಾರು ಒಂಬತ್ತನೆಯ ಶತಮಾನದ ಗ್ರಂಥ. ಅಲ್ಲಿ ಆ ಕಥೆ ಪವಾಡವಾಗಿ, ಸಭೆಯ ಹಿರಿಮೆಗಾಗಿ ಹುಟ್ಟಿತು; ವೋಲ್ಟೇರ್ ಅದನ್ನು ಪರಿಹಾಸಕ್ಕೆ ಬಳಸಿಕೊಂಡ. ಭಕ್ತರ ದಂತಕಥೆಯೇ ಸಂದೇಹವಾದಿಗಳ ಆಯುಧವಾಯಿತು.

ಎರಡನೆಯದು ಮಾನವ ಯೇಸು. ಈ ಹೇಳಿಕೆಯಲ್ಲಿ ಗ್ರಂಥಗಳು ಹೇಳುವುದಕ್ಕೆ ನೇರ ವಿರುದ್ಧವಾದುದನ್ನು ಅವುಗಳ ಬಾಯಲ್ಲಿ ಹಾಕಲಾಗಿದೆ. ನಾಗ್ ಹಮ್ಮಾದಿ ಸಂಗ್ರಹದ ‘ಪೇತ್ರನ ಪ್ರಕಟನೆ’ಯಲ್ಲಿ ಶಿಲುಬೆಗೆ ಜಡಿಯಲ್ಪಡುವುದು ದೇಹ ಮಾತ್ರ, ಜೀವಂತ ಯೇಸು ಮೇಲೆ ನಿಂತು ನಗುತ್ತಾನೆ. ‘ಮಹಾ ಸೇತನ ಎರಡನೆಯ ಉಪದೇಶ’ದಲ್ಲಿಯೂ ತಾನು ಸತ್ತೆನೆಂದು ನಂಬಿದವರ ಅಜ್ಞಾನವನ್ನು ಕಂಡು ರಕ್ಷಕ ನಗುತ್ತಾನೆ. ಮಂಜೇಶ್ವರದ ಗೋವಿಂದ ಪೈಗಳ ‘ಗೊಲ್ಗೊಥಾ’ದ ಮೂಲಕ ಶಿಲುಬೆಯ ದಿನವನ್ನು ಅರಿತ ಕನ್ನಡ ಓದುಗರಿಗೆ ಈ ನಗು ಅಪರಿಚಿತವೆನಿಸದಿರದು. ಆ ಕಾವ್ಯದ ಕರುಣೆ ನಿಂತಿರುವುದೇ ನೋಯುವ ದೇಹದ ಮೇಲೆ. ಹಸಿಯುವ, ಅಳುವ, ದಾಹವಾಯಿತೆನ್ನುವ ಯೇಸು ಸಿಗುವುದು ಬಚ್ಚಿಟ್ಟ ಗ್ರಂಥಗಳಲ್ಲಲ್ಲ, ಎಲ್ಲರ ಕೈಯಲ್ಲಿರುವ ನಾಲ್ಕು ಸುವಾರ್ತೆಗಳಲ್ಲಿ.

ಮೂರನೆಯದು ಮರಿಯಳ ಪ್ರಶ್ನೆ. ಇದು ಮೂಲತಃ ಭಾಷೆಯ ಪ್ರಶ್ನೆ. ‘ಫಿಲಿಪ್ಪನ ಸುವಾರ್ತೆ’ ಅವಳನ್ನು ರಕ್ಷಕನ ಸಂಗಾತಿಯೆನ್ನುತ್ತದೆ. ಆ ಪದಕ್ಕೆ ಅರಮಾಯಿಕ್ ಭಾಷೆಯಲ್ಲಿ ಪತ್ನಿ ಎಂದೇ ಅರ್ಥ ಎಂದು ಕಾದಂಬರಿಯ ವಿದ್ವಾಂಸ ಪಾತ್ರ ಘೋಷಿಸುತ್ತದೆ. ಆದರೆ ಉಳಿದುಬಂದಿರುವ ಹಸ್ತಪ್ರತಿಯ ಭಾಷೆ ಅರಮಾಯಿಕ್ ಅಲ್ಲ, ಕೋಪ್ಟಿಕ್. ಅದೂ ಗ್ರೀಕಿನಿಂದ ಆದ ಅನುವಾದವೆಂದು ವಿದ್ವಾಂಸರು ಎಣಿಸುತ್ತಾರೆ. ಅಲ್ಲಿರುವ ಪದ ಕೋಪ್ಟಿಕ್‌ಗೆ ಎರವಲಾಗಿ ಬಂದ ಗ್ರೀಕ್ ಪದ ‘ಕೊಯಿನೊನೋಸ್’. ಲೂಕನ ಸುವಾರ್ತೆಯಲ್ಲಿ ಸೀಮೋನನ ಮೀನುಗಾರಿಕೆಯ ಪಾಲುಗಾರರಿಗೆ ಇದೇ ಪದವಿದೆ. ಪೌಲ ತೀತನನ್ನು ಕರೆಯುವುದೂ ಇದೇ ಪದದಿಂದ. ಸಂದರ್ಭ ಒದಗಿದರೆ ಅದು ಬಾಳಸಂಗಾತಿಯನ್ನೂ ಸೂಚಿಸಬಲ್ಲದು. ಆದರೆ ಪದವೊಂದೇ ಮದುವೆಗೆ ಸಾಕ್ಷಿಯಾಗದು. ಪತ್ನಿಯೆಂದು ಹೇಳಲು ಕೋಪ್ಟಿಕ್‌ಗೆ ತನ್ನದೇ ಪದವಿತ್ತು.

ಪ್ರಸಿದ್ಧವಾದ ಮುತ್ತಿನ ವಾಕ್ಯವೂ ಹೀಗೆಯೇ. ರಕ್ಷಕ ಅವಳನ್ನು ಎಲ್ಲಿ ಚುಂಬಿಸುತ್ತಿದ್ದನೆಂದು ಹೇಳಬೇಕಾದ ಎಡೆಯಲ್ಲಿ ಹಾಳೆ ಹರಿದಿದೆ. ‘ತುಟಿ’ ಎಂಬುದು ಸಂಪಾದಕರ ಊಹೆ. ಹಣೆ, ಕೆನ್ನೆ ಎಂದೂ ತುಂಬಬಹುದು. ಇದೇ ಗ್ರಂಥದ ಮತ್ತೊಂದು ಕಡೆ ಪರಿಪೂರ್ಣರು ಮುತ್ತಿನಿಂದಲೇ ಗರ್ಭ ಧರಿಸುತ್ತಾರೆಂಬ ಮಾತು ಬರುತ್ತದೆ. ಅಲ್ಲಿ ಮುತ್ತು ಕೃಪೆ ಒಬ್ಬರಿಂದೊಬ್ಬರಿಗೆ ಹರಿಯುವ ಬಗೆ. ಈ ಸಂದರ್ಭವನ್ನು ಬದಿಗಿರಿಸಿ ತೂತಿನಲ್ಲಿ ಪ್ರಣಯವನ್ನು ತುಂಬಿದಾಗ ಕಳೆದುಹೋಗುವುದು ಗ್ರಂಥದ ಸ್ವಂತ ವಿಚಾರವೇ.

ತೂತನ್ನು ತುಂಬುವ ಆಸೆ ಸಾಮಾನ್ಯ ಓದುಗರದಷ್ಟೇ ಅಲ್ಲ. 2012ರಲ್ಲಿ ಹಾರ್ವರ್ಡಿನ ಕ್ಯಾರನ್ ಕಿಂಗ್ ರೋಮಿನ ಸಮ್ಮೇಳನದಲ್ಲಿ ಪರಿಚಯಿಸಿದ ಪುಟ್ಟ ಕೋಪ್ಟಿಕ್ ತುಣುಕಿನಲ್ಲಿ ಯೇಸು ‘ನನ್ನ ಹೆಂಡತಿ’ ಎನ್ನುವ ಮಾತಿತ್ತು. ಅದರ ವಾಕ್ಯಗಳು ‘ತೋಮನ ಸುವಾರ್ತೆ’ಯಿಂದ ಕತ್ತರಿಸಿ ಜೋಡಿಸಿದವೆಂದೂ, ಆ ಸುವಾರ್ತೆಯ ಅಂತರ್ಜಾಲ ಆವೃತ್ತಿಯಲ್ಲಿದ್ದ ಅಚ್ಚಿನ ದೋಷ ಕೂಡ ಹಾಗೆಯೇ ನಕಲಾಗಿದೆಯೆಂದೂ ಕೋಪ್ಟಿಕ್ ಬಲ್ಲವರು ತೋರಿಸಿದರು. 2016ರಲ್ಲಿ ಪತ್ರಕರ್ತ ಏರಿಯಲ್ ಸೇಬರ್ ತುಣುಕಿನ ಒಡೆತನದ ಜಾಡು ಹಿಡಿದ ಮೇಲೆ, ಅದು ಖೋಟಾ ಇರುವ ಸಂಭವವೇ ಹೆಚ್ಚೆಂದು ಕಿಂಗ್ ಕೂಡ ಒಪ್ಪಿದರು. ಖೋಟಾವನ್ನು ಮೊದಲು ಹಿಡಿದುಕೊಟ್ಟದ್ದು ವ್ಯಾಕರಣ ಎಂಬುದು ನೆನಪಿನಲ್ಲಿರಬೇಕು.

ಇಷ್ಟಾದ ಮಾತ್ರಕ್ಕೆ ಜನಪ್ರಿಯ ಕಥನದಲ್ಲಿ ಸತ್ಯಾಂಶವೇ ಇಲ್ಲವೆನ್ನಲಾಗದು. ಎಲೇನ್ ಪೇಗಲ್ಸ್ 1979ರ ‘ದ ಗ್ನಾಸ್ಟಿಕ್ ಗಾಸ್ಪೆಲ್ಸ್’ ಕೃತಿಯಲ್ಲಿ ಸಿದ್ಧಾಂತಗಳ ವಾದದ ಹಿಂದೆ ಅಧಿಕಾರದ ವಾದವೂ ಇದೆಯೆಂದು ತೋರಿಸಿದರು: ಪುನರುತ್ಥಾನಗೊಂಡ ದೇಹವನ್ನು ಕಂಡವರು ಯಾರು ಎಂಬ ಪ್ರಶ್ನೆ, ಬಿಷಪ್‌ಗಳ ಅಧಿಕಾರ ಎಲ್ಲಿಂದ ಬಂತು ಎಂಬ ಪ್ರಶ್ನೆಯೂ ಹೌದು. ‘ಮರಿಯಳ ಸುವಾರ್ತೆ’ಯಲ್ಲಿ ಅವಳ ಬೋಧನೆಗೆ ಪೇತ್ರ ಅಡ್ಡಬರುವುದು ಇಂಥ ಜಗಳದ ನಿಜವಾದ ಕುರುಹು. ಆದರೆ ‘ತೋಮನ ಸುವಾರ್ತೆ’ಯ ಕೊನೆಯ ವಚನದಲ್ಲಿ ಮರಿಯಳನ್ನು ಹೊರಗಟ್ಟಬೇಕೆಂಬ ಪೇತ್ರನಿಗೆ ಯೇಸು ಕೊಡುವ ಉತ್ತರ, ಅವಳನ್ನು ಗಂಡಾಗಿಸುತ್ತೇನೆ ಎಂಬುದು. ಎರಡನ್ನೂ ಒಟ್ಟಿಗಿಟ್ಟು ಓದದೆ ಗ್ನಾಸ್ಟಿಕರನ್ನು ಸ್ತ್ರೀವಾದದ ಪೂರ್ವಜರೆನ್ನುವುದು ಅರ್ಧ ಪುಟದ ಓದು. ಪೇಗಲ್ಸ್ ಗ್ನಾಸ್ಟಿಕ್ ಪಕ್ಷದ ವಕಾಲತ್ತು ವಹಿಸಿದವರಲ್ಲ; ಅವರ ಎಚ್ಚರಗಳನ್ನು ಬಿಟ್ಟು ತೀರ್ಮಾನಗಳನ್ನಷ್ಟೇ ಎತ್ತಿಕೊಂಡವರು ಅನಂತರದವರು.

ಇದಕ್ಕೆದುರಾಗಿ ಇನ್ನೊಂದು ಐತಿಹ್ಯವೂ ಇದೆ, ಅದು ಹೆಚ್ಚು ಹಳೆಯದು: ಮೊದಲಿಗೆ ಒಂದೇ ಶುದ್ಧ ಸಭೆಯಿತ್ತು, ಪಾಷಂಡರು ಆಮೇಲೆ ಬಂದು ಕೆಡಿಸಿದರು ಎಂಬ ಯುಸೇಬಿಯಸ್‌ನ ಚಿತ್ರ. ವಾಲ್ಟರ್ ಬಾವರ್ 1934ರಲ್ಲಿ ಅದನ್ನು ತಲೆಕೆಳಗು ಮಾಡಿದ. ಎಡೆಸ್ಸಾ, ಈಜಿಪ್ಟುಗಳಲ್ಲಿ ಮುಂದೆ ಪಾಷಂಡವೆನಿಸಿದ್ದೇ ಮೊದಲು ಇತ್ತೆಂದ. ಆಧಾರಗಳ ಮೌನವನ್ನೇ ಆಧಾರ ಮಾಡಿಕೊಂಡನೆಂಬ ಟೀಕೆ ಅವನ ಮೇಲಿದೆ. ಆದರೂ ಆರಂಭದಲ್ಲಿ ಒಂದೇ ಧ್ವನಿಯಿತ್ತೆಂದು ಹೇಳುವುದು ಅವನ ಅನಂತರ ಸುಲಭವಾಗಿ ಉಳಿಯಲಿಲ್ಲ. ವ್ಯಾಲಂಟೈನಸ್‌ನ ಅನುಯಾಯಿಗಳು ತಮ್ಮನ್ನು ಕ್ರೈಸ್ತರೆಂದೇ ಎಣಿಸಿಕೊಂಡಿದ್ದರು; ಅವರು ನಮ್ಮಂತೆಯೇ ಮಾತನಾಡುತ್ತಾರೆ ಎಂಬುದೇ ಐರೆನೇಯಸ್‌ನ ದೂರು. ‘ಗ್ನಾಸ್ಟಿಸಿಸಂ’ ಎಂಬ ನಾಮಪದ ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿದ್ದು. ಅದು ಬೇರೆಬೇರೆ ಪಂಥಗಳನ್ನು ಒಂದೇ ಚೀಲಕ್ಕೆ ತುಂಬುತ್ತದೆಂದು ಮೈಕೆಲ್ ವಿಲಿಯಮ್ಸ್ 1996ರಲ್ಲೂ ಕಿಂಗ್ 2003ರಲ್ಲೂ ವಾದಿಸಿದರು. 1945ರಲ್ಲಿ ದೊರೆತ ನಾಗ್ ಹಮ್ಮಾದಿಯ ಸಂಗ್ರಹವೇ ಇದಕ್ಕೆ ಸಾಕ್ಷಿ. ಅದರ ಸುಮಾರು 50 ಬರಹಗಳ ನಡುವೆ ಪ್ಲೇಟೋನ ‘ರಿಪಬ್ಲಿಕ್’ನ ಒಂದು ಭಾಗವೂ ಹರ್ಮೀಸ್ ಸಂಪ್ರದಾಯದ ಗ್ರಂಥಗಳೂ ಇವೆ. ಅದನ್ನು ‘ಗ್ನಾಸ್ಟಿಕರ ಬೈಬಲ್’ ಎಂದು ಕರೆಯುವುದು ಒಂದು ಗ್ರಂಥಭಂಡಾರಕ್ಕೆ ಒಂದೇ ಜಾತಿಯನ್ನು ಅಂಟಿಸಿದಂತೆ. ಏಳನೆಯ ಸಂಪುಟದ ರಟ್ಟಿಗೆ ಬಳಸಿದ ಹಳೆಯ ಕಾಗದಗಳಲ್ಲಿ 341, 346, 348ರ ತಾರೀಖುಗಳಿವೆ. ಆದ್ದರಿಂದ ನೈಸಿಯಾ ಮುಗಿದು ಎರಡು ದಶಕ ಕಳೆದ ಮೇಲೂ ಇಂಥ ಪುಸ್ತಕಗಳು ಪ್ರತಿಯಾಗುತ್ತಿದ್ದವು, ರಟ್ಟು ಕಟ್ಟಿಸಿಕೊಳ್ಳುತ್ತಿದ್ದವು. ಅವನ್ನು ಪ್ರತಿ ಮಾಡಿದವರು ಕ್ರೈಸ್ತ ಸನ್ಯಾಸಿಗಳೇ ಇರಬಹುದೆಂದು ಲುಂಡ್‌ಹೌಗ್ ಮತ್ತು ಜೆನಾಟ್ 2015ರಲ್ಲಿ ವಾದಿಸಿದ್ದಾರೆ. ಹಾಗಿದ್ದರೆ ಹೂತಿಟ್ಟವರು, ಹೂಳಿಸಿದವರು ಎಂಬ ಸರಳ ವಿಂಗಡಣೆಯೇ ಸಡಿಲವಾಗುತ್ತದೆ.

ಈಜಿಪ್ಟಿನ ಇನ್ನೊಂದು ಊರಾದ ಆಕ್ಸಿರಿಂಕಸ್ಸಿನ ಕಸದ ದಿಬ್ಬಗಳಲ್ಲಿ ‘ತೋಮನ ಸುವಾರ್ತೆ’ಯ ಗ್ರೀಕ್ ತುಣುಕುಗಳು ಸಿಕ್ಕವು. ಅದೇ ಊರಿನ ಪಪೈರಸ್ಸುಗಳಲ್ಲಿ ಒಂದು, ಕನ್ನಡ ವಿದ್ವಾಂಸರು ಬಲ್ಲ ಗ್ರೀಕ್ ಪ್ರಹಸನ. ಅದರ ಅರ್ಥವಾಗದ ಮಾತುಗಳು ಕನ್ನಡದವೆಂದು ಹುಲ್ಚ್ 1904ರಲ್ಲಿ ಸೂಚಿಸಿದ; ಆರ್. ಶಾಮಶಾಸ್ತ್ರಿಗಳು ಅದನ್ನು ಮುಂದುವರಿಸಿದರು. ತುಳುವಿನ ಪರವಾದ ವಾದವೂ ಬಂತು. ಅವು ನಗೆಗಾಗಿ ಹೆಣೆದ ಅರ್ಥಹೀನ ಶಬ್ದಗಳೆನ್ನುವವರೂ ಇದ್ದಾರೆ. ಗಡಿಯಾಚೆಗೆ ತನ್ನ ನುಡಿಯ ದನಿ ಕೇಳಿಸಿದಾಗ ಹಿಗ್ಗುವುದು ಸಹಜ. ಆದರೆ ಆ ಹಿಗ್ಗನ್ನೇ ಪುರಾವೆಯಾಗಿ ಎಣಿಸದಿರುವುದು ವಿದ್ವತ್ತಿನ ಶಿಸ್ತು. ಅಲ್ಪಸಂಖ್ಯಾತರ, ಅದುಮಲ್ಪಟ್ಟವರ ದನಿಯನ್ನು ಕೇಳಬಯಸುವ ಓದಿಗೆ ಈ ಶಿಸ್ತು ಎರಡುಪಟ್ಟು ಬೇಕು. ಸೋತವರು ಗೆದ್ದವರ ಪುಸ್ತಕಗಳಲ್ಲಿ ಒಮ್ಮೆ ಮರೆಯಾದರು. ಅವರ ಬಾಯಲ್ಲಿ ತನಗೆ ಬೇಕಾದ ಮಾತನ್ನಷ್ಟೇ ಹಾಕುವ ಅಭಿಮಾನಿಯ ಕೈಯಲ್ಲಿ ಮತ್ತೊಮ್ಮೆ ಮರೆಯಾಗುತ್ತಾರೆ. ಕೋಪ್ಟಿಕ್ ಹಸ್ತಪ್ರತಿಗಳ ಪ್ರಾಮಾಣಿಕ ಸಂಪಾದಕರು ಹರಿದ ಎಡೆಯನ್ನು ಆವರಣ ಚಿಹ್ನೆಗಳ ನಡುವೆ ಖಾಲಿ ಬಿಟ್ಟು ಅಚ್ಚು ಹಾಕುತ್ತಾರೆ. ಗ್ನಾಸ್ಟಿಕ್ ಗ್ರಂಥಗಳ ಬಗೆಗಿನ ಯಾವ ಜನಪ್ರಿಯ ಪುಸ್ತಕವನ್ನಾದರೂ ಅಳೆಯಲು, ಅದು ಆ ಖಾಲಿ ಜಾಗವನ್ನು ಓದುಗನಿಗೆ ತೋರಿಸಿದೆಯೇ ಎಂದು ಕೇಳಿದರೆ ಸಾಕು.