ಆದಿಪುರಾಣದಲ್ಲಿ ಸಾಂತ್ವನದ ಬಗೆ

ಪಂಪನ ಆದಿಪುರಾಣವನ್ನು (ಕ್ರಿ.ಶ. 941) ಕುರಿತ ವಿಮರ್ಶೆಯು ಬಹುಮಟ್ಟಿಗೆ ನೀಲಾಂಜನೆಯ ನೃತ್ಯದಲ್ಲಿಯೂ ಭರತ-ಬಾಹುಬಲಿಯರ ಪ್ರಸಂಗದಲ್ಲಿಯೂ ನೆಲೆನಿಂತಿದೆ. ಎರಡೂ ವೈರಾಗ್ಯೋದಯದ ಸಂದರ್ಭಗಳು. ಇದರಿಂದಾಗಿ, ಶೋಕತಪ್ತರಿಗೆ ಜೈನಕಾವ್ಯವು ಹೇಳುವುದು ಅನಿತ್ಯತೆಯೊಂದನ್ನೇ ಎಂಬ ಭಾವನೆ ಬೇರೂರಿದೆ. ಸಾವಾದ ಮನೆಗೆ ಹೋದಾಗ ನಮ್ಮಲ್ಲಿ ಅನೇಕರು ಆಡುವ ಮಾತೂ ಅದೇ: “ಅಳಬೇಡಿ, ಅದು ಆರ್ತಧ್ಯಾನ, ಕರ್ಮಬಂಧವಾಗುತ್ತದೆ.” ಈ ಮಾತು ಎಷ್ಟರಮಟ್ಟಿಗೆ ಶಾಸ್ತ್ರಸಮ್ಮತ, ಎಷ್ಟರಮಟ್ಟಿಗೆ ಕಾವ್ಯಸಮ್ಮತ ಎಂಬುದು ವಿಚಾರಾರ್ಹವಾಗಿದೆ.

ತತ್ತ್ವಾರ್ಥಸೂತ್ರದ 9ನೆಯ ಅಧ್ಯಾಯವು ಇಷ್ಟವಿಯೋಗದ ಚಿಂತೆಯನ್ನು ಆರ್ತಧ್ಯಾನದ ನಾಲ್ಕು ಬಗೆಗಳಲ್ಲಿ ಒಂದೆಂದು ಎಣಿಸುತ್ತದೆ, ನಿಜ. ಆದರೆ ಆರ್ತಧ್ಯಾನವು ಅವಿರತರಿಗೆ ಮಾತ್ರವಲ್ಲದೆ ದೇಶವಿರತರಿಗೂ ಪ್ರಮತ್ತಸಂಯತರಿಗೂ ಉಂಟೆಂದು ಅದೇ ಅಧ್ಯಾಯವು ಹೇಳುತ್ತದೆ. ಆರನೆಯ ಗುಣಸ್ಥಾನದ ಮುನಿಗಳಿಗೂ ಸಂಭವಿಸಬಹುದಾದುದನ್ನು, ಪತಿಯನ್ನೋ ಮಗುವನ್ನೋ ಕಳೆದುಕೊಂಡ ಗೃಹಸ್ಥೆಯು ಮೊದಲ ದಿನವೇ ಗೆಲ್ಲಬೇಕೆಂದು ಅಪೇಕ್ಷಿಸುವುದು ಯಾವ ನ್ಯಾಯ? ಪರರಲ್ಲಿ ದುಃಖವನ್ನುಂಟುಮಾಡುವುದು ಅಸಾತಾವೇದನೀಯದ ಆಸ್ರವಕ್ಕೂ, ಜೀವಿಗಳಲ್ಲಿ ತೋರುವ ಅನುಕಂಪೆಯು ಸಾತಾವೇದನೀಯದ ಆಸ್ರವಕ್ಕೂ ಕಾರಣವೆಂಬುದು 6ನೆಯ ಅಧ್ಯಾಯದ ಬೋಧೆ. ಅಳುವವರ ಮೇಲೆ ಪಾಪಭೀತಿಯನ್ನೂ ಹೊರಿಸುವವರು ಇದನ್ನು ನೆನೆಯಬೇಕು.

ಇನ್ನು ಕಾವ್ಯ. ಲಲಿತಾಂಗದೇವನ ಕೊರಳ ಮಾಲೆ ಬಾಡಿ ಆಯುರಂತ್ಯ ಸೂಚಿತವಾದಾಗ ಅವನಿಗೆ ದೊರೆಯುವುದು ಧರ್ಮೋಪದೇಶ. ಸಾವಿಗೆ ಸಿದ್ಧನಾಗಬೇಕಾದ ಜೀವಕ್ಕೆ ಅದು ಉಚಿತವೇ ಸರಿ. ಆದರೆ ಉಳಿದವರ ದುಃಖದ ಕಥೆ ಬೇರೆ. ಸ್ವಯಂಪ್ರಭೆಯು ಶ್ರೀಮತಿಯಾಗಿ ಹುಟ್ಟಿ, ದೇವತೆಗಳ ಆಗಮನವನ್ನು ಕಂಡು ಪೂರ್ವಜನ್ಮದ ಇನಿಯನನ್ನು ನೆನೆದು ಮೂರ್ಛೆಹೋಗುತ್ತಾಳೆ. ಎಚ್ಚತ್ತ ಬಳಿಕ ಮೌನ ತಾಳುತ್ತಾಳೆ. ಈಗ ಅವಳ ಬಳಿ ಇರುವವಳು ಪಂಡಿತೆಯೆಂಬ ದಾದಿ. ಅವಳು ತತ್ತ್ವವನ್ನು ಬೋಧಿಸುವುದಿಲ್ಲ. ಏಕಾಂತದಲ್ಲಿ ಕುಳಿತು, ನಿನ್ನ ಮನಸ್ಸಿನಲ್ಲಿರುವುದೇನೆಂದು ಕೇಳುತ್ತಾಳೆ. ನಾಚುವ ಶ್ರೀಮತಿಯಿಂದ ಮಾತು ಹೊರಡುವಂತೆ ಮಾಡುತ್ತಾಳೆ. ಅವಳು ಬರೆದ ಚಿತ್ರಪಟವನ್ನು ಕೈಗೆತ್ತಿಕೊಂಡು ಜಿನಾಲಯಕ್ಕೆ ಹೋಗುತ್ತಾಳೆ. ಜಿನಸೇನಾಚಾರ್ಯರಿಂದ ಪಂಪನಿಗೆ ಬಂದ ಈ ಪ್ರಸಂಗದಲ್ಲಿ, ಶೋಕಕ್ಕೆ ಭಾಷೆ ದೊರಕಿಸುವುದೇ ಮೊದಲ ಉಪಚಾರವಾಗಿದೆ.

ಈ ಕಥೆಗೂ ಒಂದು ಮಿತಿಯುಂಟು. ಶ್ರೀಮತಿಗೆ ವಜ್ರಜಂಘನ ರೂಪದಲ್ಲಿ ಇನಿಯನು ಮರಳಿ ದೊರೆಯುತ್ತಾನೆ. ನಮ್ಮ ನಡುವಿನ ವಿಧವೆಗೆ ಯಾವ ಪಟವೂ ಹೋದವರನ್ನು ತರಲಾರದು. ಆದುದರಿಂದ ಈ ಪ್ರಸಂಗದಿಂದ ನಾವು ಗ್ರಹಿಸಬೇಕಾದುದು ಅದರ ಸುಖಾಂತವನ್ನಲ್ಲ, ಪಂಡಿತೆಯ ನಡೆಯನ್ನು. ಮುಂದಿನ ಭವದ ಭರವಸೆಯನ್ನು ಅವಸರದಿಂದ ನೀಡುವುದೂ ಒಂದು ಬಗೆಯ ಕಿವುಡುತನವೇ.

ಇಂದಿನ ಆಪ್ತಸಮಾಲೋಚನೆಯ ಮೂಲಸೂತ್ರವೂ ಇದಕ್ಕೆ ಸಮೀಪವಾದುದು: ತೀರ್ಪು ನೀಡದೆ ಆಲಿಸುವುದು. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಜಾರಿಗೆ ತಂದ ರೋಗವರ್ಗೀಕರಣವು, ಆರು ತಿಂಗಳಿಗೂ ಮೀರಿ ತೀವ್ರವಾಗಿ ಉಳಿದು ಬಾಳನ್ನೇ ಕುಂಠಿತಗೊಳಿಸುವ ಶೋಕವನ್ನು ಪ್ರತ್ಯೇಕವಾಗಿ ಗುರುತಿಸಿದೆ. ಅಂಥವರಿಗೆ ನಮ್ಮ ಸಮಾಧಾನದ ಮಾತು ಸಾಲದು. ವೈದ್ಯರ ನೆರವು ಬೇಕು. ಭಾರತ ಸರ್ಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಯಲ್ಲಿ (14416) ಕನ್ನಡದಲ್ಲಿಯೂ ಮಾತನಾಡಬಹುದು. ಹಾಗೆ ನೆರವು ಕೋರುವುದು ಶ್ರದ್ಧೆಯ ಕೊರತೆಯಲ್ಲ.

ಅನಿತ್ಯಾನುಪ್ರೇಕ್ಷೆಯು ಮಹತ್ತಾದುದು. ಆದರೆ ಅನುಪ್ರೇಕ್ಷೆಯೆಂದರೆ ತಾನೇ ಮಾಡಬೇಕಾದ ಚಿಂತನೆ. ಅದನ್ನು ಮತ್ತೊಬ್ಬರ ಮೇಲೆ ಹೇರಲಾಗದು. ಅವರು ಅದನ್ನು ಮಾಡಬಲ್ಲಷ್ಟು ಚೇತರಿಸಿಕೊಳ್ಳುವವರೆಗೆ ಬಳಿಯಲ್ಲಿ ಕುಳಿತಿರುವುದು ಶ್ರಾವಕರ ಕರ್ತವ್ಯ.